ಮೂರು ಸಾಕ್ಷಿಯ ಮಾಸ್ತರು

ನಮ್ಮ ಇಂಗ್ಲಿಷ್ ಮಾಸ್ತರು ವಿಶೇಷಣಕ್ಕ ಅಂಜತಿದ್ರು. ಹಾವಿಗೆ ಅಂಜೂ ಮಂದಿನ್ನ ನೋಡೇನಿ, ಫೌಜದಾರಗ ಅಂಜೂ ಮಂದಿನ್ನ ನೋಡೇನಿ, ಹೆಂಡ್ತಿಗೆ ಅಂಜವರಂತೂ ನಮ್ಮ ಓಣ್ಯಾಗ ಮನಿಗೊಬ್ಬರು. ಆದರ ಒಂದು ಶಬ್ದ ಬಾಯಿಂದ ಹೊರಗ ಬಿಡೂ ಮುಂದ ಹಣಿ ಮ್ಯಾಲ ಬೆವರು ಒಡದದ್ದು ಅವರೊಬ್ಬರಿಗೇ ನೋಡೇನಿ. ಮಾವಿನಹಣ್ಣು ಕೊಟ್ಟು 'ಸಿಹಿ ಐತೇನ್ರಿ ಸರ್?' ಅಂತ ಕೇಳಿದ್ರ, ಪೂರ್ತಿ ತಿಂದು, ಗೊರಟಾ ಚೀಪಿ, ಕೈ ತೊಳಕೊಂಡು, ಆಮ್ಯಾಲ ಹೇಳತಿದ್ರು: 'ನನಗಂತೂ ಸಿಹಿ ಹತ್ತಿತು.' ಹಣ್ಣು ಸಿಹಿ ಅದ ಅಂತ ಒಂದು ಸಲಾನೂ ಅನ್ನಲಿಲ್ಲ.

ಹೋದ ತಿಂಗಳು ನನ್ನ ತಮ್ಮ ಬೈಲಹೊಂಗಲದಿಂದ ಕಾರ್ಡ್ ಬರದಿದ್ದ. ಮಾಸ್ತರು ಉಗರಗೋಳದ ಸ್ವಂತ ಮನ್ಯಾಗ ತೀರಿಕೊಂಡ್ರಂತ. 'ಊರಾಗ ಎಲ್ಲಾರೂ ಭಾಳ ದೊಡ್ಡ ಮನಷ್ಯಾ ಇದ್ರು ಅನ್ನಾಕ ಹತ್ಯಾರ' ಅಂತ ಕಡೀ ಸಾಲು. ಅದನ್ನ ಓದಿ ನನಗ ಅಳೂನೂ ಬಂತು, ನಗೂನೂ ಬಂತು. ಮಾಸ್ತರು ಇದ್ದಿದ್ರ ಆ ಕಾರ್ಡ್ ಹಿಡಕೊಂಡು ಕೇಳತಿದ್ರು: 'ದೊಡ್ಡ ಅಂದ್ರ? ಯಾರು ಅಳದಾರ? ಸಾಕ್ಷಿ ಎಲ್ಲಿ ಅದ?' ಅದಕ್ಕ ನಾ ಅವರಿಗೆ ಯಾವ ಶಬ್ದಾನೂ ಹಚ್ಚಾಕ ಹೋಗೂದಿಲ್ಲ. ನಾ ಕಂಡದ್ದಷ್ಟ ಹೇಳತೇನಿ.

ಅವರದು ಪೌರೋಹಿತ್ಯದ ಮನಿತನ. ಅಣ್ಣಂದಿರು ಪಂಚಾಂಗ ಹಿಡಕೊಂಡು ಊರೂರು ತಿರಗವರು, ಇವರು ಡಿಕ್ಷನರಿ ಹಿಡಕೊಂಡು ಬೈಲಹೊಂಗಲದ ಸಾಲಿಗೆ ಬಂದ್ರು. ಆ ಡಿಕ್ಷನರಿನೂ ಪೋಥಿ ಕಟ್ಟಿದಂಗ ಕೆಂಪು ವಸ್ತ್ರದಾಗ ಕಟ್ಟಿ ಇಟ್ಟಿರತಿದ್ರು, ಕೈ ತೊಳೀದ ಮುಟ್ಟತಿರಲಿಲ್ಲ. ಕರಿ ಕೋಟಿನ ಮೊಣಕೈಗೆ ತ್ಯಾಪಿ, ಧೋತರದ ಚುಂಗಿಗೆ ಕರಿ ಫಳೀ ಮ್ಯಾಲ ಬರಿಯೂ ಖಡುವಿನ ಪುಡಿ. ಖಾನಾವಳ್ಯಾಗ ಊಟ. ಹೆಂಡ್ತಿ ತೀರಿಕೊಂಡಿದ್ಲು, ಮಕ್ಕಳಿರಲಿಲ್ಲ. ಮಾತಾಡೂ ಮುಂದ ಬಲಗೈ ಅಂಗೈ ಮ್ಯಾಲ ಮಾಡಿ ಚೂರು ಮ್ಯಾಲ ಕೆಳಗ ಆಡಸತಿದ್ರು, ಅಕ್ಕಸಾಲಿಗ ಗುಂಜಿ ತೂಗಿದಂಗ. ಕೈ ನಿಂತ ಮ್ಯಾಲನ ಶಬ್ದ ಬರತಿತ್ತು. ಕೈ ನಿಲ್ಲಲಿಲ್ಲ ಅಂದ್ರ ಆ ಶಬ್ದ ಅವತ್ತು ಬರತಿರಲಿಲ್ಲ, ನಾವು ಎಷ್ಟ ಬಾಯಿ ತೆರಕೊಂಡು ಕುಂತ್ರೂ ಅಷ್ಟ.

'ನಾಮಪದ ತನ್ನ ಕಾಲ ಮ್ಯಾಲ ತಾ ನಿಂತಿರ್ತದ' ಅನ್ನತಿದ್ರು. 'ವಿಶೇಷಣ ಅಂದ್ರ ಅದರ ಬೆನ್ನ ಹಿಂದ ಇನ್ನೊಬ್ಬ ಹೇಳೂ ಚಾಡಿ. ಚಾಡಿ ಹೇಳೂದಿದ್ರ ಸಾಕ್ಷಿ ತರ್ರಿ.'

ಸಾಕ್ಷಿ ಅಂದ್ರ ಬರೇ ಮಾತಲ್ಲ. ಶನಿವಾರ ಮುಂಜಾನೆ ಸಾಲಿ ಇರತಿತ್ತು. ಸೋಮವಾರ ಫಳೀದ ಮೂಲ್ಯಾಗ ಒಂದು ಇಂಗ್ಲಿಷ್ ವಿಶೇಷಣ ಬರದು ಬಿಡವರು, ವಾರ ಪೂರಾ ಅದನ್ನ ಯಾರೂ ಅಳಸೂ ಹಂಗಿಲ್ಲ. ಆ ಶಬ್ದ ಹೊಂದೂ ಒಬ್ಬ ಮನಷ್ಯಾನ್ನ ನಾವು ಊರಾಗ ಹುಡಕಬೇಕು. ಶನಿವಾರ ಪಂಚಾಯ್ತಿ. ಆ ಮನಷ್ಯಾ ಮಾಡಿದ್ದು, ನಾವು ಕಣ್ಣಾರೆ ಕಂಡದ್ದು, ಮೂರು ಸಂಗತಿ ಹೇಳಬೇಕು. ಮೂರೂ ನಿಂತ್ರ ಆ ಶಬ್ದ ನಮ್ಮದು, ನಿಬಂಧದಾಗ ಬಳಸಬಹುದು. ಎರಡಕ್ಕ ನಿಂತ್ರ ಶಬ್ದ ವಾಪಸ್. 'ಒಂದ ಸಲ ಯಾರ ಬೇಕಾದ್ರೂ ಹೆಂಗ ಬೇಕಾದ್ರೂ ಇರ್ತಾರ. ಎರಡನೇದು ಯೋಗಾಯೋಗ. ಮೂರನೇದಕ್ಕ ಶಬ್ದ ಹುಟ್ಟತದ.' ನಮ್ಮ ವರ್ಗದಾಗ ಹುಡುಗ್ಯಾರು ಮೂರೇ ಮಂದಿ, ಪಂಚಾಯ್ತ್ಯಾಗ ಮಾತ್ರ ನಮ್ಮದ ದನಿ ಜಾಸ್ತಿ. ಊರಿನ ಮನಿಯೊಳಗಿನ ಸುದ್ದಿ ನಮ್ಮಷ್ಟು ಯಾರಿಗೆ ಗೊತ್ತಿರತಿತ್ತು ಹೇಳ್ರಿ?

ಒಂದು ವಾರ 'ಪಾರ್ಸಿಮೋನಿಯಸ್' ಬಂತು. ಜುಗ್ಗ ಅಂತ ಇಟಗೋರಿ. ನಾ ಒಂಚೂರೂ ವಿಚಾರ ಮಾಡದ ನಮ್ಮ ಸ್ವಂತ ಕಾಕಾನ್ನ ತಗೊಂಡು ಹ್ವಾದೆ. ಬೆಂಕಿಕಡ್ಡಿ ಸೀಳಿ ಎರಡು ಮಾಡತಾನ, ಇದು ಒಂದು. ಬಂದ ಬೀಗರಿಗೆ ಚಪ್ಪಲಿ ಬಿಡೂ ಮೊದಲ 'ಊಟಾ ಮಾಡಿನ ಬಂದಿರಬೇಕಲ್ಲ' ಅಂತಾನ, ಇದು ಎರಡು. ಮೂರನೇದು ನೆನಪಾಗಲಿಲ್ಲ, ಶಬ್ದ ವಾಪಸ್ ಹೋತು. ಸುದ್ದಿ ಮಾತ್ರ ವಾಪಸ್ ಹೋಗಲಿಲ್ಲ, ಸಂಜೀಕ ನೆಟ್ಟಗ ಕಾಕಾನ ಕಿವಿಗೆ ಬಿತ್ತು. ಮನ್ಯಾಗ ದೊಡ್ಡ ರಾಮಾಯಣ. ಮಾಸ್ತರು ತಾವ ಬಂದು, ತಪ್ಪು ನಂದ್ರಿ, ಹುಡುಗೀದಲ್ಲ ಅಂತ ಕಾಕಾನ ಮುಂದ ಕೈ ಮುಗಿದ್ರು. ಕಾಕಾನ ಸಿಟ್ಟು ಇಳೀತು. ಚಹಾ ತರಸಿದ. ಅರ್ಧಾ ಕಪ್ಪು. ಅದರಾಗೂ ಬಸಿ ಒಳಗ ತನಗ ಸ್ವಲ್ಪ ಸುರವಿಕೊಂಡ. ಸೋಮವಾರ ವರ್ಗದಾಗ ಮಾಸ್ತರು ನನ್ನ ಕಡೆ ನೋಡಲಾರದ, ಅಂಗೈ ತೂಗುತ್ತ ಅಂದ್ರು: 'ಹೋದ ವಾರದ ಶಬ್ದ ಇಟಗೋಬಹುದವಾ. ಮೂರನೇ ಸಾಕ್ಷಿ ನಾನ ಇದ್ದೇನಿ.'

ಇಷ್ಟೆಲ್ಲಾ ಆಗ ನಮಗ ನಗೀ ಮಾತು. ಮಾಸ್ತರು ಶಬ್ದಕ್ಕ ಯಾಕ ಇಷ್ಟು ಅಂಜತಾರ ಅನ್ನೂದು ತಿಳದಿದ್ದು ನನ್ನ ಬಾಳೇವು ಒಂದು ಶಬ್ದದ ಮ್ಯಾಲ ಬಂದು ನಿಂತಾಗ.

ನಾ ಮ್ಯಾಟ್ರಿಕ್ ಪಾಸಾದೆ. ಅದ ವರ್ಷ ರಾಮದುರ್ಗದಿಂದ ಒಂದು ಸಂಬಂಧ ಬಂತು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಒಂದೆರಡು ವರ್ಷ ಆಗಿತ್ತು, ವರ ಅಲ್ಲಿ ಮೋಜಣಿ ಕಚೇರ್ಯಾಗ ಸರ್ವೆಯರ್. ನಮ್ಮ ಪೈಕಿ ಮನಿತನ, ತಂದಿ ತಾಯಿ ಇಲ್ಲ. ನಮ್ಮಪ್ಪ ಹತ್ತಿ ಅಡತಿ ಅಂಗಡಿಯವ. ಅರಳಿ ಕೈಯಾಗ ಹಿಡದು ತಿಕ್ಕಿ ನೋಡದ ಕೊಳ್ಳಾವಲ್ಲ, ವರನ ವಿಷಯದಾಗ ಬಿಡತಾನೇನು? ಬೆಳಗಾವಿಯ ಒಬ್ಬ ವ್ಯಾಪಾರಸ್ಥನ ಕಡಿಂದ ವರನ ಮ್ಯಾಲಿನ ಸಾಹೇಬ್ರಿಗೆ ಹೇಳಿಸಿ, ಹುಡುಗ ಹೆಂಗ ಅಂತ ಒಂದು ಪತ್ರ ತರಸಿದ. ಸಾಹೇಬ್ರು ಪುಣೆ ಕಡಿಯವರು, ಪತ್ರ ಇಂಗ್ಲಿಷ್.

ನಾಲ್ಕ ಸಾಲು. ಅಪ್ಪ ನನ್ನ ಕೈಯಾಗ ಕೊಟ್ಟು 'ಓದು' ಅಂದ. ಪ್ರಾಮಾಣಿಕ, ವ್ಯಾಳೆಕ್ಕ ಸರಿಯಾಗಿ ಬರತಾನ, ಯಾವ ಚಟಾನೂ ಇಲ್ಲ. ಇಷ್ಟು ಸರಾಗ ಬಂತು. ಆಮ್ಯಾಲ 'ಆದರೂ' ಅಂತ ಇತ್ತು. ಆದರೂ ಕೊಂಚ ಟ್ಯಾಸಿಟರ್ನ್. ನಾ ಅಲ್ಲೇ ನಿಂತೆ. ಆ ಶಬ್ದ ನಮ್ಮ ಫಳೀ ಮ್ಯಾಲ ಬಂದಿರಲೇ ಇಲ್ಲ.

'ಅಂದ್ರ ಏನು?' ಅಂದ ಅಪ್ಪ.

'ಗೊತ್ತಿಲ್ಲ.'

'ಮತ್ತ ಮ್ಯಾಟ್ರಿಕ್ ಯಾಕ ಓದಿಸೇನಿ?' ಅಂತ ಪತ್ರ ಕಸಗೊಂಡ.

ಅಷ್ಟ ಆಗಿದ್ದು ಮನಿ ತುಂಬ ಹಬ್ಬಿತು. 'ಕುಡಕ ಇರಬೇಕು' ಅಂದ ಕಾಕಾ. 'ಅದ ಚಟಾ ಇಲ್ಲಂತ ಬರದಾರಲ್ಲ' ಅಂದೆ. 'ಹಂಗಾದ್ರ ಮೂರ್ಛಾರೋಗ' ಅಂದ್ಲು ಅಪ್ಪನ ತಾಯಿ, ನಮ್ಮ ಆಯಿ, ಎಲಿ ಅಡಕಿ ಕುಟ್ಟೂದು ನಿಲ್ಲಿಸಿ. ನಮ್ಮವ್ವ ಒಲಿಗೆ ಕಟಗಿ ದೂಡಿದ್ಲು. ಮಾಸ್ತರನ್ನ ಕರಸಿದ್ರು.

ಮಾಸ್ತರು ಬಂದು, ಕೈ ತೊಳಕೊಂಡು, ಪತ್ರ ಎರಡು ಸಲ ಓದಿ, ಗಂಟು ಬಿಚ್ಚಿ ಡಿಕ್ಷನರಿ ತಗದು ನೋಡಿದ್ರು. ಶಬ್ದ ಅವರಿಗೆ ಗೊತ್ತ ಇತ್ತು, ಆದರೂ ನೋಡಿದ್ರು. ನಾ ಬಾಗಲ ಹಿಂದ ನಿಂತು ಅವರ ಅಂಗೈ ನೋಡಾಕ ಹತ್ತಿದ್ದೆ. ಕೈ ನಿಲ್ಲಲೇ ಒಲ್ಲದು.

'ಸ್ವಭಾವತಃ ಮಾತು ಕಡಿಮಿ ಆಡವ, ಇದಿಷ್ಟು ಅರ್ಥ ಅದ.'

'ಅಯ್ಯ, ಇಷ್ಟೇನ?' ಅಪ್ಪ ನಕ್ಕ. 'ಮಿತಭಾಷಿ! ಚಲೋನ ಆತಲ್ರಿ.'

'ಮಿತಭಾಷಿ ಅಂದ್ರ ಹೊಗಳಿದಂಗ ಆಗ್ತದ್ರಿ. ಮಾರಿ ಗಂಟ ಹಾಕ್ಕೊಂಡವ ಅಂದ್ರ ಬೈದಂಗ ಆಗ್ತದ. ಈ ಶಬ್ದ ಎರಡರ ನಡುವ ನಿಂತದ. ಬಳಸವ ಯಾವ ಕಡೆ ವಾಲಸ್ಯಾನ ಅನ್ನೂದು ಡಿಕ್ಷನರ್ಯಾಗ ಸಿಗೂದಿಲ್ಲ. ಅದರ ಮ್ಯಾಲ ಸಾಹೇಬ "ಆದರೂ" ಅಂತ ಮುಂಚೆ ಒಂದು ಕಲ್ಲ ಇಟ್ಟಾನ.' ಮಾಸ್ತರು ಹಣಿ ಒರಸಿಕೊಂಡ್ರು. 'ನನಗ ಎಂಟ ದಿವಸ ಕೊಡ್ರಿ.'

'ಒಂದು ಶಬ್ದಕ್ಕ ಎಂಟ ದಿವಸ?'

ಆಗ ಮಾಸ್ತರು ಹೇಳಿದ ಸಂಗತಿ ನಾ ಬಾಗಲ ಹಿಂದಿಂದ ಕೇಳೇನಿ. ಭಾಳ ವರ್ಷದ ಹಿಂದ, ನೇಸರಗಿಯ ಒಬ್ಬ ಹುಡುಗ ಮ್ಯಾಟ್ರಿಕ್ ಮುಗಿಸಿದ್ದ. ನೌಕರಿ ಅರ್ಜಿಗೆ ನಡತಿ ಸರ್ಟಿಫಿಕೇಟ್ ಬೇಕಾಗಿತ್ತು. ಶಾಣ್ಯಾ ಹುಡುಗ, ಆದರ ವರ್ಗದಾಗ ಯಾವಾಗಲೂ ಬೆಂಚಿನ ಮ್ಯಾಲ ತಲಿ ಇಟಗೊಂಡಿರವ. ಮಾಸ್ತರು ಆಗಿನ್ನೂ ಹೊಸಬರು, ಕೈಯಾಗ ಇಂಗ್ಲಿಷ್ ಇತ್ತು. ಇದ್ದದ್ದು ಇದ್ದಂಗ ಬರೀಬೇಕಂತ 'ಇಂಡೊಲೆಂಟ್' ಅಂತ ಬರದ್ರು. ಆಲಸಿ. ನೌಕರಿ ಸಿಗಲಿಲ್ಲ. ಆರು ತಿಂಗಳ ಮ್ಯಾಲ ಹುಡುಗನ ತಂದಿ ಸರ್ಟಿಫಿಕೇಟ್ ಹಿಡಕೊಂಡು ಬಂದು, ಇದರಾಗ ಏನ ಬರದೀರಿ ಸರ ಅಂತ ಕೇಳಿದ. ಮಾಸ್ತರು ಹೇಳಿದ್ರು. ತಂದಿ ಸಿಟ್ಟ ಮಾಡಲಿಲ್ಲ. 'ಹುಡುಗನ ಮೈಯಾಗ ರಕ್ತ ಇಲ್ಲಂತ ದವಾಖಾನ್ಯಾಗ ಹೇಳ್ಯಾರ್ರಿ. ಐದಾರು ವರ್ಷದಿಂದ ಹಂಗ ಐತಂತ. ಅದಕ್ಕೂ ಇಂಗ್ಲಿಷಿನ್ಯಾಗ ಒಂದು ಶಬ್ದ ಇದ್ದೀತಲ್ರಿ?' ಅಂತ ಕೇಳಿದನಂತ. ಆ ಶ್ರಾವಣದಾಗ ಹುಡುಗ ತೀರಿಕೊಂಡ.

'ಇತ್ತು. ಅದಕ್ಕೂ ಶಬ್ದ ಇತ್ತು' ಅಂದ್ರು ಮಾಸ್ತರು. 'ನಾ ಹುಡಕಲಿಲ್ಲ.'

ಅವತ್ತಿನಿಂದ ಅವರು ಯಾರ ಸರ್ಟಿಫಿಕೇಟ್ ಮ್ಯಾಲೂ 'ಗುಡ್' ಬಿಟ್ಟು ಮತ್ತೊಂದು ಬರದಿಲ್ಲ. ಶನಿವಾರದ ಪಂಚಾಯ್ತಿ ಸುರು ಆಗಿದ್ದೂ ಅವತ್ತಿನಿಂದನ. ಅಪ್ಪ ಎಂಟ ದಿವಸ ಕೊಟ್ಟ.

ಆ ಎಂಟ ದಿವಸ! ವೈರಿಗೂ ಬ್ಯಾಡವಾ ಅವು. ಊರ ಮಂದಿಗೆ ಅದೊಂದು ಶಬ್ದ, ನನಗ ಅದು ನಮ್ಮವ್ವನ ಬಾಳೇವು. ನಮ್ಮಪ್ಪ ಅಂಗಡ್ಯಾಗ ಕುಂತ್ರ ಹರಟೀಗೆ ಕಡಿಮಿ ಇಲ್ಲ, ಹೊಸ್ತಿಲಾ ದಾಟಿ ಒಳಗ ಬಂದ್ರ ಬಾಯಿಗೆ ಬೀಗ. 'ನೀರು', 'ಉಪ್ಪು', 'ದೀಪಾ ಹಚ್ಚು', ಇವನ್ನ ಬಿಟ್ಟು ನಮ್ಮವ್ವನ ಕೂಡ ಅವ ಮಾತಾಡಿದ್ದು ನಾ ಕೇಳಿಲ್ಲ. ನಮ್ಮವ್ವ ಒಲಿ ಕೂಡ ಮಾತಾಡತಿದ್ಲು, ಬೆಕ್ಕಿನ ಕೂಡ ಮಾತಾಡತಿದ್ಲು, ಒಂದೊಂದು ಸಲ ಬೀಸೂಕಲ್ಲಿನ ಕೂಡ ಜಗಳಾನೂ ಆಡತಿದ್ಲು. ಸಣ್ಣಾಕಿ ಇದ್ದಾಗ ನಾ ಅದಕ್ಕ ನಗತಿದ್ದೆ. ಆ ಎಂಟ ದಿವಸ ನಗೂ ಬರಲಿಲ್ಲ. ಊಟಕ್ಕ ಕುಂತಾಗ ಅಪ್ಪನ ಮಾತು ಎಣಸತಿದ್ದೆ.

ಒಂದ ರಾತ್ರಿ ಅವ್ವ ನನ್ನ ತಲಿ ಬಾಚುತ್ತ ಕೇಳಿದ್ಲು: 'ಮಾಸ್ತರು ಖರೇ ಹೇಳತಾರೇನ ಅದನ್ನ?'

'ಹೇಳತಾರವಾ.'

'ಖರೇನ ಹೇಳ್ಲಿ' ಅಂದ್ಲು. ಹೆರಳ ಬಿಗಿಯಾಗಿ ಹಾಕಿದ್ಲು.

ಮಾಸ್ತರು ಎಲ್ಲಿ ಹೋಗ್ಯಾರ ಅನ್ನೂದು ಯಾರಿಗೂ ಗೊತ್ತಿರಲಿಲ್ಲ. ಸಾಲಿಗೆ ರಜಾ ಹಾಕಿದ್ರು. ಎಂಟನೇ ದಿವಸ ಸಂಜಿಮುಂದ ಬಸ್ಸಿನ ಧೂಳ ಹೊತಗೊಂಡು ನಮ್ಮ ಪಡಸಾಲಿಗೆ ಬಂದ್ರು. ಸವದತ್ತಿ ಮ್ಯಾಲಿಂದ ರಾಮದುರ್ಗಕ್ಕ ಹೋಗಿ, ಮೂರು ದಿವಸ ಇದ್ದು, ವರನ್ನ ನೋಡಿ ಬಂದಿದ್ರು. ವರಗ ಮಾತ್ರ ಅದರ ಸುಳಿವ ಇಲ್ಲ. ಒಂದು ವಿಶೇಷಣದ ಸಲುವಾಗಿ ಬಸ್ ಹತ್ತಿದ ಮನಷ್ಯಾ ಈ ಭೂಮಿ ಮ್ಯಾಲ ಇವರೊಬ್ಬರ ಇರಬೇಕು!

'ಮೊದಲನೇದು ಕೇಳ್ರಿ' ಅಂತ ಸುರು ಮಾಡಿದ್ರು, ನಮ್ಮ ಪಂಚಾಯ್ತ್ಯಾಗ ಹೇಳಿದಂಗ. 'ಒಂದು ಹೊಲದಾಗ ಬಾಂದಿನ ಜಗಳ. ಅಣ್ಣ ತಮ್ಮ ಇಬ್ಬರೂ ಬಡಿದಾಡಲಿಕ್ಕೆ ನಿಂತಿದ್ರು. ಇವ ಇಬ್ಬರೂ ದಣಿಯೂತನಕ ಸುಮ್ಮನ ಕೇಳಿದ. ಆಮ್ಯಾಲ ಸರಪಳಿ ಹಿಡದು ಅಳದು, "ಇಲ್ಲಿ" ಅಂತ ಒಂದ ಮಾತು ಅಂದು ಕಲ್ಲ ನೆಡಸಿದ. ಇಬ್ಬರೂ ಒಪ್ಪಿದ್ರು. ಎರಡನೇದು, ಖಾನಾವಳ್ಯಾಗ ಅವನ ಬಾಜೂಕ ನಾನ ಕುಂತಿದ್ದೆ. ಸಾರಿನಾಗ ಉಪ್ಪು ಸುರದಿತ್ತು. ಎಲ್ಲಾರೂ ಒದರಿದ್ರು. ಇವ ಒದರಲಿಲ್ಲ, ಮುಂದಿನ ಪಂಗತಿಗೆ ಕುಂಡ್ರವರಿಗೆ ಮಾತ್ರ ಸಾರು ಬ್ಯಾಡಂತ ಕೈ ಸನ್ನಿ ಮಾಡಿದ. ಮಾರಿ ಗಂಟ ಇರಲಿಲ್ಲ.'

'ಮೂರನೇದು?' ಅಪ್ಪ ಕೇಳಿದ. ಅಪ್ಪಗೂ ಈಗ ಚಾಳಿ ಹತ್ತಿತ್ತು.

ಮಾಸ್ತರ ಅಂಗೈ ಆಡಾಕ ಹತ್ತಿತು. 'ಮೂರನೇದು ಸಿಗಲಿಲ್ರಿ. ಹೊರಗ ಹೆಂಗಿರ್ತಾನ ಅನ್ನೂದು ಕಂಡೆ. ಮನಿಯೊಳಗ ಹೆಂಗಿರ್ತಾನ ಅನ್ನೂದಕ್ಕ ನನ್ನ ಕಡೆ ಸಾಕ್ಷಿ ಇಲ್ಲ. ಅವನ ಮನ್ಯಾಗ ಯಾರೂ ಇಲ್ಲ.'

'ಎರಡು ಸಾಕು ಬಿಡ್ರಿ. ಹುಡುಗ ಚಲೋ ಅದಾನ.'

'ಒಂದ ಮಾತು ಹುಡುಗಿನ್ನ ಕೇಳ್ರಿ.'

'ಆಕಿ ಏನ ಹೇಳತಾಳ?' ಅಂದ ಅಪ್ಪ. ಮಾಸ್ತರು ಬಾಗಲ ಕಡೆ ನೋಡಿದ್ರು. ನಾ ಅಲ್ಲೇ ಇದ್ದೆ, ಅವರಿಗೆ ಗೊತ್ತಿತ್ತು. ನಾ ಬಾಯಿ ತಗೀಲಿಲ್ಲ. ಲಗ್ನ ನಿಕ್ಕಿ ಆತು.

ರಾಮದುರ್ಗದಾಗ ಎರಡು ಖೋಲಿಯ ಮನಿ. ನಮ್ಮನಿಯವರು ಮುಂಜಾನೆ ಸರಪಳಿ ನಕಾಶಿ ಹೊತ್ತಗೊಂಡು ಹೊಲಕ್ಕ ಹೋಗವರು, ಸಂಜೀಕ ಬರವರು. ಬೈಗುಳ ಇಲ್ಲ, ಹೊಡತ ಇಲ್ಲ, ಒಂದು ಕೆಟ್ಟ ನೋಟ ಇಲ್ಲ. ಮಾತೂ ಇಲ್ಲ. ಸಾಹೇಬ್ರು 'ಕೊಂಚ' ಅಂತ ಯಾಕ ಬರದಿದ್ರೋ, ಆ ಪುಣ್ಯಾತ್ಮ! ಪಲ್ಯಾ ಹೆಂಗ ಆಗೈತ್ರಿ ಅಂದ್ರ ಗೋಣ ಹಾಕವರು. ಮಗಳು ಹುಟ್ಟಿದಾಗ ಹೆಸರೇನಿಡೂಣು ಅಂದ್ರ 'ನೀ ಅಂದದ್ದು' ಅಂದ್ರು. ಮೊದಲ ಮೊದಲ ನಾ ಬಡಬಡ ಮಾತಾಡಿ ನೋಡಿದೆ, ಗ್ವಾಡಿ ಕೂಡ ಮಾತಾಡಿದಂಗ ಆತು. ನನಗೂ ಸಿಟ್ಟ ಐತಿ. ನೀವು ಆಡದಿದ್ರ ನಾ ಯಾಕ ಬಾಯಿ ನೋಯಿಸಿಕೊಳ್ಳಲಿ ಅಂತ ತಾಟು ಇಟ್ಟು ಒಳಗ ಹೋಗಿಬಿಡತಿದ್ದೆ. ಒಂದ ದಿವಸ ಒಲಿ ಮುಂದ ಕುಂತಾಗ ನನ್ನ ದನಿ ನನಗ ಕೇಳಿಸಿತು. ಹಸಿ ಕಟಗಿಗೆ ಬೈಯಾಕ ಹತ್ತಿದ್ದೆ. ನಮ್ಮವ್ವನೂ ಹಿಂಗ ಸುರು ಮಾಡಿದ್ಲೇನೋ ಅನಿಸ್ತು.

ಆ ವರ್ಷ ಮಾರ್ಚಿನ್ಯಾಗ ಮಾಸ್ತರು ಪರೀಕ್ಷಾದ ಸೂಪರ್‌ವಿಜನ್ ಮ್ಯಾಲ ರಾಮದುರ್ಗಕ್ಕ ಬಂದ್ರು. ಚಪ್ಪಲಿ ಬಿಡೂ ಮೊದಲ ಕೇಳಿದ್ದು ಒಂದ: 'ಮಾತಾಡತಾನೇನವಾ?'

ಅಂಗೈ ಮ್ಯಾಲ ಇತ್ತು, ಆಡಾಕ ಹತ್ತಿತ್ತು. ಕೋಟಿನ ತ್ಯಾಪಿ ಹರದಿತ್ತು. ನನಗ ನೇಸರಗಿಯ ಆ ಹುಡುಗ ನೆನಪಾದ. ಒಂದು ಶಬ್ದಕ್ಕ ಆ ಹುಡುಗ ಇವರ ಎದಿ ಮ್ಯಾಲ ಕುಂತಾನ, ಇನ್ನೊಂದು ಶಬ್ದಕ್ಕ ನಾ ಹೋಗಿ ಕುಂಡ್ರಬಾರದು ಅನಿಸ್ತು.

'ಆಡತಾರ್ರಿ ಸರ್. ಭಾಳ ಆಡತಾರ.'

'ಏನಂತಾನ?'

ಸಾಕ್ಷಿ ಬೇಕಲ್ಲ ಅವರಿಗೆ! ಬಾಯಿಗೆ ಬಂದದ್ದು ಹೇಳಿದೆ. 'ನಿನ್ನೆ ಏನ ಹೇಳಿದ್ರಂದ್ರ, ಹೊಳಿ ದಂಡಿಯ ಒಂದು ಹೊಲಾ ಅಳೆಯೂ ಮುಂದ ಸರಪಳಿ ಎಮ್ಮಿ ಕಾಲಿಗೆ ಸಿಕ್ಕೊಂಡಿತಂತ. ಎಮ್ಮಿ ಸರಪಳಿ ಎಳಕೊಂಡು ಓಡಿತಂತ. ಇವರು ಹಿಂದಿಂದ "ನಿಂದರ, ನಿಂದರ" ಅಂತ...' ಮಾಸ್ತರು ಹೊಟ್ಟಿ ಹಿಡಕೊಂಡು ನಕ್ಕರು. ಅವರು ಹಂಗ ನಕ್ಕಿದ್ದು ನಾ ನೋಡಿರಲಿಲ್ಲ. ನಾನೂ ನಕ್ಕೆ. ಅವರು ಹೋದ ಮ್ಯಾಲ ಒಳಗ ಹಣಕಿ ನೋಡಿದೆ. ನಮ್ಮನಿಯವರು ಒಳಗಿನ ಖೋಲ್ಯಾಗ ನಕಾಶಿ ತಗೀತ ಕುಂತಿದ್ರು. ಕೇಳಿಸಿಕೊಂಡ್ರೋ ಇಲ್ಲೋ, ತಲಿ ಎತ್ತಲಿಲ್ಲ.

ಸುಳ್ಳು ಒಂದ ಸಲ ಹುಟ್ಟಿದ್ರ ಅದಕ್ಕೂ ವರ್ಷಾ ವರ್ಷಾ ಅಂಗಿ ಹೊಲಸಬೇಕು. ಮಾಸ್ತರು ಪ್ರತಿ ಮಾರ್ಚಿಗೆ ಬಂದ್ರು, ಪ್ರತಿ ಮಾರ್ಚಿಗೆ 'ಮಾತಾಡತಾನೇನವಾ?' ಅಂದ್ರು. ಫೆಬ್ರುವರಿ ಬಂತಂದ್ರ ನನಗ ನಿದ್ದಿ ಹತ್ತತಿರಲಿಲ್ಲ, ಈ ಸಲ ಏನ ಹೇಳ್ಲಿ ಅಂತ. ಎಮ್ಮಿ ಆತು, ಬಾಂದಗಲ್ಲ ತಲಿದಿಂಬು ಮಾಡಿಕೊಂಡು ಮಲಗಿದ ಮುದುಕ ಆದ, ನಕಾಶಿ ನೋಡಿ 'ಇದರಾಗ ನಮ್ಮ ಬಾವಿ ಸಣ್ಣದು ಬರದೀರಿ' ಅಂತ ಜಗಳಾಡಿದ ಗೌಡತಿ ಆದ್ಲು. ಎಲ್ಲಾ ನಾನ ಹೊಸದಾಗಿ ಹೆಣದದ್ದು. ನಮ್ಮನಿಯವರು ಯಾವಾಗಲೂ ಒಳಗಿನ ಖೋಲ್ಯಾಗನ. ಮಾಸ್ತರು ಒಂದ ಸಲ 'ಅವನ್ನೂ ಕರಿಯವಾ, ಅವನ ಬಾಯಿಂದನ ಕೇಳೂಣು' ಅಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. 'ಕೆಲಸದಾಗ ಅದಾರ್ರಿ' ಅಂತ ಹ್ಯಾಂಗೋ ಪಾರಾದೆ.

ಕರ್ನಾಟಕ ಒಂದಾದ ಮರುವರ್ಷ ಮಾಸ್ತರು ರಿಟೈರ್ ಆಗಿ ಉಗರಗೋಳಕ್ಕ ಹ್ವಾದ್ರು. ಇನ್ನ ಬರೂದಿಲ್ಲ, ಸುಳ್ಳು ಮುಗೀತು ಅಂತ ನಾ ಉಸಿರು ಬಿಟ್ಟೆ. ಎಲ್ಲೀದು! ಒಂದ ರವಿವಾರ ಮಧ್ಯಾಹ್ನ ಬಂದು ಬಾಗಲದಾಗ ನಿಂತ್ರು. ಉಬ್ಬಸ ಹತ್ತಿತ್ತು, ಗ್ವಾಡಿ ಹಿಡಕೊಂಡಿದ್ರು. ಪರೀಕ್ಷಾ ಇಲ್ಲ, ಕೆಲಸಿಲ್ಲ. ಬರೇ ಕೇಳಾಕ ಬಂದಿದ್ರು.

ನೀರ ಕುಡಿದು, ನನ್ನ ಮಾರೀನ ನೋಡುತ್ತ ಅಂದ್ರು: 'ಅವತ್ತ ನಾ ಇನ್ನೊಂದೆರಡ ದಿವಸ ಅಲ್ಲಿ ಇರಬೇಕಾಗಿತ್ತು. ಎರಡ ಸಾಕ್ಷಿ ಮ್ಯಾಲ ಬಿಟ್ಟುಬಂದೆ. ಖರೇ ಹೇಳವಾ. ನೀ ಹೇಳೂದು ಚಂದ ಹೇಳತಿ, ಆದರ ಹೇಳೂ ಮುಂದ ನಿನ್ನ ಕಣ್ಣು ಒಳಗಿನ ಖೋಲಿ ಕಡೆ ಓಡತಾವ. ಮಾತಾಡತಾನೇನು?'

ಹೌದು ಅನ್ನಾಕ ಹ್ವಾದೆ, ಈ ಸಲ ಸುದ್ದಿ ಒಂದೂ ಹೆಣದಿಟ್ಟಿರಲಿಲ್ಲ. ಆರು ವರ್ಷ ಹೆಣದ ಸುಳ್ಳು ಅವರ ಕಣ್ಣ ಮುಂದ ಬಿಚ್ಚಾಕ ಹತ್ತಿತ್ತು. ಅಷ್ಟರಾಗ ಒಳಗಿನ ಖೋಲಿಯಿಂದ ನಮ್ಮನಿಯವರು ಹೊರಗ ಬಂದ್ರು. ಮಾಸ್ತರಿಗೆ ನಮಸ್ಕಾರ ಮಾಡಿ, ಎದುರಿಗೆ ಚಾಪಿ ಮ್ಯಾಲ ಕುಂತ್ರು.

'ಎಮ್ಮಿ ಸುದ್ದಿ ಹೇಳಿದ್ಲಲ್ರಿ ಸರ, ಅದರ ಮುಂದಿಂದು ಈಕಿಗೆ ಗೊತ್ತಿಲ್ರಿ' ಅಂದ್ರು.

ಮಾಸ್ತರು ನನ್ನ ಮಾರಿಯಿಂದ ಕಣ್ಣು ತಗದು ಅವರ ಕಡೆ ತಿರಗಿದ್ರು.

'ಎಮ್ಮಿ ಸೀದಾ ಹೊಳ್ಯಾಗ ಇಳೀತ್ರಿ. ಸರಪಳಿನೂ ಇಳೀತು. ಎಮ್ಮಿ ಒಡಿಯಾ ದಂಡಿ ಮ್ಯಾಲ ನಿಂತು, ಸರಕಾರ ಎಲ್ಲೀತನಕ ಅಳೀತೋ ಅಲ್ಲೀತನಕ ನಂದ ಹೊಲಾ ಅಂತ ಹಠಾ ಹಿಡದನ್ರಿ...' ಹಿಂಗ ಸುರು ಆತು. ಎಮ್ಮಿ ಆದ ಮ್ಯಾಲ ಮುದುಕ, ಮುದುಕ ಆದ ಮ್ಯಾಲ ಗೌಡತಿ. ನಾ ಹೆಣದ ಒಂದೊಂದನ್ನೂ ತಗೊಂಡು, ನಾ ನಿಲ್ಲಿಸಿದಲ್ಲಿಂದ ಮುಂದ ಒಯ್ದ್ರು. ರೂಢಿ ಇಲ್ಲದ ಬಾಯಿ, ನಡುನಡುವ ತೊಡರತಿತ್ತು. ಹಣಿ ಮ್ಯಾಲ ಬೆವರು ಇಳೀತಿತ್ತು. ಕೈಯಾಗ ನಕಾಶಿ ಮಾಡೂ ಪೆನ್ಸಿಲ್ ಇತ್ತು, ಅದನ್ನ ತಿರುವಿ ತಿರುವಿ ಹಿಡೀತಿದ್ರು. ಬಿಡಲಿಲ್ಲ. ಸವದತ್ತಿ ಬಸ್ಸಿನ ಹೊತ್ತಾಗೂತನಕ ಮಾತಾಡಿದ್ರು. ಮಾಸ್ತರು ನಕ್ಕೂ ನಕ್ಕೂ ಕೆಮ್ಮಿದ್ರು, ಕೆಮ್ಮಿ ಮತ್ತ ನಕ್ರು.

ಬಸ್ ಸ್ಟ್ಯಾಂಡಿಗೆ ನಾ ಕಳಿಸಾಕ ಹ್ವಾದೆ. ಮಾಸ್ತರು ಒಂದು ಕಾಲ ಬಸ್ಸಿನ ಪಾವಟಿಗಿ ಮ್ಯಾಲ ಇಟ್ಟು ತಿರಗಿ ನಿಂತ್ರು. ಕೈ ಜೋಲು ಬಿದ್ದಿತ್ತು, ಆಡಾಕ ಹತ್ತಿರಲಿಲ್ಲ. 'ಆ ಸಾಹೇಬ ತಪ್ಪು ಶಬ್ದ ಬರದಾನ ನೋಡವಾ' ಅಂದ್ರು. 'ನಾ ಸುಮ್ಮನ ಇಷ್ಟ ವರ್ಷ ಅಂಜಿದೆ.' ಬಸ್ ಹೋತು. ಅವರನ್ನ ನಾ ನೋಡಿದ್ದು ಅದ ಕಡೀದು.

ನಾ ಮನಿಗೆ ಬಂದಾಗ ನಮ್ಮನಿಯವರು ಹೊಸ್ತಿಲದ ಮ್ಯಾಲ ಕುಂತು ಚರಗಿಗಟ್ಟಲೆ ನೀರ ಕುಡ್ಯಾಕ ಹತ್ತಿದ್ರು. ನನಗ ಏನ ಬರತೈತಿ, ಸಿಟ್ಟೋ ಅಳೂನೋ, ನನಗ ತಿಳೀಲಿಲ್ಲ.

'ಎಲ್ಲಾ ಕೇಳಿಸಿಕೊಂಡಿದ್ರೇನ? ಅಷ್ಟೂ ವರ್ಷದ್ದು?'

ಗೋಣ ಹಾಕಿದ್ರು.

'ಇಷ್ಟ ಮಾತು ಬರತಿತ್ತಂದ್ರ ನನ್ನ ಕೂಡ ಯಾಕ ಆಡಲಿಲ್ಲ? ಒಂದ ದಿವಸ? ಆರು ವರ್ಷದಾಗ ಒಂದ ದಿವಸ?' ಓಣಿಗೆ ಕೇಳೂವಂಗ ಒದರಿದೆ. ಕೇಳಿದ್ರ ಕೇಳ್ಲಿ ಅನಿಸಿತ್ತು.

ಅವರು ಚರಗಿ ಕೆಳಗಿಟ್ಟು ಬಾಯಿ ಒರಸಿಕೊಂಡ್ರು. ಇಷ್ಟ, ಮುಗೀತು, ಮತ್ತ ಗ್ವಾಡಿ ಆದ್ರು ಅಂತ ನಾ ಒಳಗ ಹೋಗಾಕ ಕಾಲ ಎತ್ತಿದೆ.

'ನನಗ ಮಾತು ಬರೂದಿಲ್ಲ. ಇವತ್ತ ಆಡಿದ್ದು ನಿಂದನ' ಅಂದ್ರು. 'ಮಾಸ್ತರು ಬಂದಾಗ ಅಷ್ಟ ನೀ ಮಾತಾಡತಿದ್ದಿ. ಅದಕ್ಕ ಆ ದಿವಸ ನಾ ಕೆಲಸಕ್ಕ ರಜಾ ಹಾಕತಿದ್ದೆ.'

ಅಲ್ಲೇ ಹೊಸ್ತಿಲದ ಮ್ಯಾಲ, ಅವರ ಬಾಜೂಕ ಕುಂತೆ. ಹೌದಲ್ಲ, ಮಾರ್ಚಿನ ಆ ಒಂದ ದಿವಸ ಇವರು ಯಾಕ ಮನ್ಯಾಗ ಇರತಿದ್ರು ಅಂತ ನಾ ಒಮ್ಮಿನೂ ಕೇಳಿರಲಿಲ್ಲ. ಏನನ್ನೂ ಕೇಳಿರಲಿಲ್ಲ. ತಾಟು ಇಟ್ಟು ಒಳಗ ಹೋಗತಿದ್ದಾಕಿ ನಾನ.

'ಏನ ಹೇಳ್ಲಿ?' ಅಂದೆ.

'ಏನರ.'

ಬೈಲಹೊಂಗಲದ ನಮ್ಮ ಸಾಲಿ ಸುದ್ದಿ ತಗದೆ. ಅವತ್ತ ನಮ್ಮ ಮನ್ಯಾಗ ರೊಟ್ಟಿ ಭಾಳ ತಡಾ ಆತು.